ಜೀಪಿನ ಫ್ಲೋರ್ ತೂತಾಗಿದೆ, ಮೇಲೆ ಹೊಸ ಶೀಟ್ ಹೊಡೆಸಿದರೆ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಕಲೇಶಪುರದ ಹತ್ತಿರ ತೋಟ, ಮಾವನ ಕಾಲದ ಎಂಎಂ 540 ಜೀಪು, ಡ್ರೈವರ್ ಕಾಲಡಿ ಅಂಗೈಯಗಲ ತೂತು, ಹಿಂದಿನ ಚಕ್ರದ ಮೇಲಿನ ತಗಡು ಗುಳ್ಳೆ ಎದ್ದಿದೆ. ಟಿಂಕರಿಂಗ್ ಅಂಗಡಿಯವರು "ಮೇಲೊಂದು ಶೀಟ್ ಹೊಡೆದು, ಪುಟ್ಟಿ ಹಾಕಿ, ಪೇಂಟ್ ಮಾಡಿ ಕೊಡ್ತೀವಿ, ಎರಡೇ ದಿನ" ಅಂದಿದ್ದಾರೆ. ಹೊಡೆಸಲೋ, ಗಾಡಿ ಮಾರಿಬಿಡಲೋ ಅಂತ ಕೇಳಿದ್ದೀರಿ.

ಮಾರುವ ವಿಚಾರ ಆಮೇಲೆ ನೋಡೋಣ. ಮೇಲೆ ಶೀಟ್ ಮಾತ್ರ ಹೊಡೆಸಬೇಡಿ. ನಾನು ಹೊಡೆಸಿ ಕೆಟ್ಟವನು.

ನಮ್ಮದು ಮೂಡಿಗೆರೆ ಕಡೆ. ಗಾಡಿ 1991ರ ಎಂಎಂ 540, ಅಪ್ಪ ತಗೊಂಡಿದ್ದು. ನಿಮ್ಮ ಹಾಗೇ ಕಾಲಡಿ ತೂತಾಗಿತ್ತು. ಹೊಸ ಶೀಟ್ ಕತ್ತರಿಸಿ ಹಳೇ ಫ್ಲೋರ್ ಮೇಲೆ ಹಾಸಿದರು, ಸುತ್ತ ರಿವೆಟ್ ಹೊಡೆದರು, ಅಂಚಿಗೆ ಪುಟ್ಟಿ ಮೆತ್ತಿದರು, ಕಪ್ಪು ಪೇಂಟ್ ಹೊಡೆದರು. ಷೋರೂಮಿನಿಂದ ಬಂದ ಹಾಗಿತ್ತು. ಎರಡು ಮಳೆಗಾಲ ಕಳೆಯಿತು. ಎರಡನೇ ವರ್ಷದ ಆಶ್ಲೇಷ ಮಳೆಯಲ್ಲಿ, ತೋಟದ ಇಳಿಜಾರಿನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದೆ. ಹಿಮ್ಮಡಿ ಊರಿದ ಜಾಗ ಮೆಲ್ಲಗೆ ಕೆಳಗಿಳಿಯಿತು. ಮುರಿಯಲಿಲ್ಲ, ನೆನೆದ ಹಪ್ಪಳದ ಹಾಗೆ ಬಗ್ಗಿತು ಅಷ್ಟೇ. ಮನೆಗೆ ತಂದು ರಿವೆಟ್ ಕಿತ್ತು ಶೀಟ್ ಎತ್ತಿದೆ. ಕೆಳಗೆ ಹಳೇ ಫ್ಲೋರ್ ಅನ್ನುವುದು ಇರಲೇ ಇಲ್ಲ, ಪದರ ಪದರವಾಗಿ ಕಂದು ಚಕ್ಕೆ. ಹೊಸ ಶೀಟಿನ ಅಡಿಭಾಗವೂ ಅರ್ಧ ತಿಂದುಹೋಗಿತ್ತು. ನಡುವೆ ಹಸಿ ಮಣ್ಣು, ಕೊಳೆತ ಸಿಲ್ವರ್ ಓಕ್ ಮರದ ಎಲೆ, ಅದರಲ್ಲಿ ಒಂದು ಎರೆಹುಳ. ಜೀಪಿನೊಳಗೆ ಎರೆಹುಳ ಸಾಕಿದ ಮೂಡಿಗೆರೆಯ ಮೊದಲ ಮನುಷ್ಯ ನಾನೇ ಇರಬೇಕು.

ಆಗುವುದೇನು ಅಂದರೆ, ಎರಡು ತಗಡು ಒಂದರ ಮೇಲೊಂದು ಕೂತಾಗ ನಡುವಿನ ಕೂದಲೆಳೆ ಸಂದು ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಗಾಳಿ ಬಿಸಿಲು ತಾಗುವುದಿಲ್ಲ, ಒಣಗುವುದಿಲ್ಲ. ಜೊತೆಗೆ ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಅದು ರಿವೆಟ್ಟನ್ನೂ ಸ್ಪಾಟ್ ವೆಲ್ಡನ್ನೂ ಒಳಗಿನಿಂದಲೇ ಎಬ್ಬಿಸುತ್ತದೆ. ನಿಮ್ಮ ಚಕ್ರದ ಮೇಲಿನ ಗುಳ್ಳೆಯೂ ಅದೇ. ಪೇಂಟ್ ಕೆಟ್ಟು ತುಕ್ಕು ಬಂದಿದ್ದಲ್ಲ. ಒಳಗೆ ಕೆಸರು ಕೂತು ಹಿಂದಿನಿಂದ ತಿಂದ ತುಕ್ಕು ಈಗ ಹೊರಗೆ ಮುಖ ತೋರಿಸಿದೆ.

ಆದ್ದರಿಂದ ಫ್ಲೋರಿನ ತೂತು ನೋಡುತ್ತಾ ಕೂರಬೇಡಿ, ಗಾಡಿ ಅಡಿಗೆ ಹೋಗಿ. ಮೊದಲು ಪ್ರೆಷರ್ ವಾಷರ್‌ನಲ್ಲಿ ಕೆಸರು ಪೂರ್ತಿ ತೊಳೆಸಿ, ಎರಡು ದಿನ ಒಣಗಲು ಬಿಡಿ. ಆಮೇಲೆ ಒಂದು ಉದ್ದ ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ ಹಿಡಿದು ಚಾಸಿಸ್, ಅಂದರೆ ಬಾಡಿಯನ್ನು ಹೊತ್ತ ಅಡಿಯ ಚೌಕಟ್ಟು, ಪೂರ್ತಿ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತಿಂದದ್ದು ಮಣ್ಣಿನ ಮಡಕೆ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ, ತೂರಿಕೊಂಡರೆ ಅಲ್ಲಿ ಕಬ್ಬಿಣ ಇಲ್ಲ ಅಂತಲೇ ಲೆಕ್ಕ. ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ಪಟ್ಟಿ ನೇತುಹಾಕಿರುವ ಹ್ಯಾಂಗರ್ ಸುತ್ತ, ಅಡ್ಡ ಮೆಂಬರ್ ಚಾಸಿಸ್‌ಗೆ ಸೇರುವ ಮೂಲೆ, ಬಾಡಿ ಕೂರುವ ರಬ್ಬರ್ ಬುಷ್ ಜಾಗ. ಫ್ಲೋರ್ ಅಡಿಯಲ್ಲಿ ಟೋಪಿ ಆಕಾರದ ಚಾನಲ್‌ಗಳು ಅಡ್ಡಡ್ಡ ಇರುತ್ತವೆ ನೋಡಿ, ಅವುಗಳ ಒಳಗೆ ವರ್ಷಗಟ್ಟಲೆ ಕೆಸರು ತುಂಬಿರುತ್ತದೆ. ಫ್ಲೋರ್ ಸಾಯುವುದು ಅಲ್ಲಿಂದಲೇ.

ಮಾರುವುದೋ ಇಟ್ಟುಕೊಳ್ಳುವುದೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಚಾಸಿಸ್ ಗಟ್ಟಿ ಇದ್ದರೆ ಬಾಡಿ ಎಷ್ಟೇ ಹಾಳಾಗಿರಲಿ, ಜೀಪು ಉಳಿಯುತ್ತದೆ. ಬಾಡಿ ಬೇರೆ, ಚಾಸಿಸ್ ಬೇರೆ ಇರುವ ಗಾಡಿಯ ದೊಡ್ಡ ಪುಣ್ಯ ಅದು. ಹ್ಯಾಂಗರ್ ಸುತ್ತ ಚಾಸಿಸ್ಸೇ ತೂತಾಗಿದ್ದರೆ ಮಾತ್ರ ಟಿಂಕರ್ ಹತ್ತಿರ ಹೋಗಬೇಡಿ. ಲಾರಿ ಚಾಸಿಸ್ ಕೆಲಸ ಮಾಡುವವರಿಗೆ ತೋರಿಸಿ, ಅವರು ಆಗಲ್ಲ ಅಂದರೆ ವಾದ ಮಾಡಬೇಡಿ.

ಒಂದು ವಿಷಯ ನೀವು ಬರೆದಿಲ್ಲ: ಜೀಪಿನಲ್ಲಿ ಏನು ಸಾಗಿಸುತ್ತೀರಿ? ತೋಟದ ಗಾಡಿ ಅಂದಮೇಲೆ ಗೊಬ್ಬರ, ಮೈಲುತುತ್ತ (ತಾಮ್ರದ ಸಲ್ಫೇಟ್) ಎರಡೂ ಹೋಗಿರುತ್ತವೆ. ಪೊಟ್ಯಾಷ್ ಅನ್ನುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಹರಿದ ಚೀಲದಿಂದ ಒಂದು ಹಿಡಿ ಉದುರಿ ಮ್ಯಾಟ್ ಅಡಿ ಸೇರಿದರೆ ಸಮುದ್ರತೀರದಲ್ಲಿ ನಿಲ್ಲಿಸಿದ ಗಾಡಿಗೂ ನಿಮ್ಮದಕ್ಕೂ ವ್ಯತ್ಯಾಸ ಇಲ್ಲ. ಮೈಲುತುತ್ತ ಇನ್ನೂ ಕೆಟ್ಟದ್ದು. ಮೈಲುತುತ್ತ, ಸುಣ್ಣ ಸೇರಿಸಿ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದಾಗ ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಚಾಕು ಅದ್ದುತ್ತೇವಲ್ಲ? ಸುಣ್ಣ ಕಡಿಮೆ ಇದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಷ್ಟು ತಾಮ್ರ ಕೂರಬೇಕಾದರೆ ಚಾಕುವಿನ ಕಬ್ಬಿಣ ಕರಗಿ ನೀರಿಗೆ ಹೋಗಿರಬೇಕು. ಮೈಲುತುತ್ತದ ಚೀಲ ಒದ್ದೆ ಫ್ಲೋರ್ ಮೇಲೆ ಇಟ್ಟಾಗ ಆಗುವುದೂ ಅದೇ ಚಾಕು ಪರೀಕ್ಷೆ, ಒಂದು ನಿಮಿಷದ ಬದಲು ವರ್ಷವಿಡೀ. ಕೂತ ತಾಮ್ರ ಸುಮ್ಮನಿರುವುದಿಲ್ಲ, ಪಕ್ಕದ ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಕಾಫಿ ಎಲೆಯ ತುಕ್ಕು ರೋಗ ತಡೆಯಲು ತಂದ ಔಷಧಿ ಜೀಪಿಗೆ ತುಕ್ಕು ಹತ್ತಿಸುತ್ತದೆ. ನನ್ನ ಗಾಡಿಯ ಹಿಂಭಾಗದಲ್ಲಿ ಬಲಮೂಲೆ ಮಾತ್ರ ಜರಡಿಯಾಗಿತ್ತು. ಯಾಕೆ ಅಂತ ಬಹಳ ದಿನ ಹೊಳೆದಿರಲಿಲ್ಲ. ಅಪ್ಪ ಮೈಲುತುತ್ತ ಇಡುತ್ತಿದ್ದ ಮೂಲೆ ಅದು. ಈಗ ಅವೆಲ್ಲ ಪ್ಲಾಸ್ಟಿಕ್ ಟಬ್ಬಿನಲ್ಲಿ ಹೋಗುತ್ತವೆ.

ಇನ್ನು ರಿಪೇರಿ. ಕೊಳೆತದ್ದನ್ನು ಕತ್ತರಿಸಿ ಬಿಸಾಡಬೇಕು. ತೂತಿನ ಅಂಚಿಗೆ ನಿಲ್ಲಿಸಬೇಡಿ, ಗ್ರೈಂಡರ್ ಹಿಡಿದಾಗ ಬೆಳ್ಳಗೆ ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. ಅಂಗೈಯಗಲದ ತೂತು ಊಟದ ತಟ್ಟೆಯಗಲ ಆಗುತ್ತದೆ, ಹೆದರಬೇಡಿ. ತೆಳುವಾದ ತಗಡಿಗೆ ವೆಲ್ಡಿಂಗ್ ಮಾಡಲು ಹೋದರೆ ಅದು ಉರಿದು ಇನ್ನೊಂದು ತೂತಾಗುತ್ತದೆ, ಅದನ್ನು ಮುಚ್ಚಲು ಹೋದರೆ ಮತ್ತೊಂದು. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಕತ್ತರಿಸಿ, ಹೊಸದು ಕೂರಿಸಿ, ಆಮೇಲೆ ಇನ್ನೊಂದು ಬದಿ. ಇಲ್ಲದಿದ್ದರೆ ಬಾಡಿ ಅಗಲಿಸಿಕೊಂಡು ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ.

ಶೀಟ್ ಸಿಆರ್ ತಗೊಳ್ಳಿ, ಅಂದರೆ ಕೋಲ್ಡ್ ರೋಲ್ಡ್ ಉಕ್ಕಿನ ತಗಡು. ಫ್ಲೋರಿಗೆ 16 ಗೇಜ್, ಅಂದರೆ 1.6 ಮಿ.ಮೀ., ಸೈಡ್ ಪ್ಯಾನಲ್‌ಗೆ 18 ಗೇಜ್, 1.2 ಮಿ.ಮೀ. ಅಂಗಡಿಯಲ್ಲಿ ಕೆಜಿ ಲೆಕ್ಕ. 8 ಅಡಿ 4 ಅಡಿಯ ಶೀಟ್ 16 ಗೇಜಿನದು ಸುಮಾರು 37 ಕೆಜಿ ತೂಗಬೇಕು, 18 ಗೇಜಿನದು 28. ತೂಕ ಗಣನೀಯವಾಗಿ ಕಡಿಮೆ ಬಂದರೆ ಗೇಜ್ ಕಡಿಮೆ ಕೊಟ್ಟಿದ್ದಾರೆ ಅಂತ ಅರ್ಥ. "ಜಿಐ ಶೀಟ್ ಹಾಕಿ, ತುಕ್ಕೇ ಬರಲ್ಲ" ಅನ್ನುವವರು ಸಿಗುತ್ತಾರೆ. ಜಿಐ ಅಂದರೆ ಸತು ಲೇಪಿಸಿದ ತಗಡು. ವೆಲ್ಡ್ ಮಾಡಿದ ಜಾಗದಲ್ಲೇ ಸತು ಸುಟ್ಟುಹೋಗುತ್ತದೆ, ಬೇಕಾದ ಕಡೆಯೇ ರಕ್ಷಣೆ ಇಲ್ಲ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿ ಅನ್ನುವುದು ಬರೀ ನಂಬಿಕೆ. ಹಾಕಲೇಬೇಕೆಂದರೆ ಅಂಚಿನ ಸತು ಉಜ್ಜಿ ತೆಗೆದು, ಬಯಲಲ್ಲಿ ವೆಲ್ಡ್ ಮಾಡಿಸಿ.

ಹಳೇ ಫ್ಲೋರಿನಲ್ಲಿ ಒತ್ತಿ ಎಬ್ಬಿಸಿದ ಗೀರುಗಳಿರುತ್ತವೆ, ಅವು ಚಂದಕ್ಕಲ್ಲ. ಬೋಳು ಶೀಟ್ ಹಾಕಿದರೆ ಡಬರಿ ಬಡಿದ ಹಾಗೆ ಸದ್ದು ಮಾಡುತ್ತದೆ. ಶೀಟ್ ಬೆಂಡ್ ಮಾಡುವವರ ಹತ್ತಿರ ಎರಡು ಮೂರು ಗೀರು ಹೊಡೆಸಿಕೊಂಡು ಬನ್ನಿ.

ವೆಲ್ಡಿಂಗ್ ಸಿಓಟು (ಗ್ಯಾಸ್ ಬಿಟ್ಟು ತೆಳು ತಂತಿಯಲ್ಲಿ ಮಾಡುವ ವೆಲ್ಡಿಂಗ್) ಮಾಡುವವರ ಹತ್ತಿರವೇ ಆಗಲಿ. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಈ ತಗಡಿಗೆ ಜಾಸ್ತಿಯಾಗುತ್ತದೆ. ಒಂದೇ ಸಮ ಗೆರೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್), ಎದುರು ಮೂಲೆಯಲ್ಲೊಂದು ಟ್ಯಾಕ್, ಕೈ ಇಡುವಷ್ಟು ಆರಿದ ಮೇಲೆ ಮತ್ತೊಂದು, ಹೀಗೆ ತುಂಬಿಸಿಕೊಂಡು ಬರಬೇಕು. ನನ್ನ ಗಾಡಿ ಮಾಡಿದ ಹಾಸನದ ಟಿಂಕರ್ ಒಬ್ಬರು ಪ್ರತಿ ನಾಲ್ಕು ಟ್ಯಾಕಿಗೊಮ್ಮೆ ಎದ್ದು ಬೀಡಿ ಸೇದಲು ಹೋಗುತ್ತಿದ್ದರು. ಕೆಲಸಗಳ್ಳ ಅಂದುಕೊಂಡಿದ್ದೆ. ಮೂರನೇ ದಿನ ಅವರೇ ಹೇಳಿದರು, "ಬೀಡಿ ನನಗಲ್ಲ ಸಾರ್, ಶೀಟಿಗೆ."

ಕಿಡಿ ಹಾರುವ ಮುಂಚೆ ಬ್ಯಾಟರಿಯ ಎರಡೂ ವೈರ್ ಬಿಚ್ಚಿಸಿ. ಡ್ರೈವರ್ ಸೀಟಿನ ಕೆಳಗೆ ಟ್ಯಾಂಕ್ ಇರುವ ಮಾಡೆಲ್ ಆದರೆ ಟ್ಯಾಂಕ್ ಇಳಿಸದೆ ವೆಲ್ಡಿಂಗ್ ಬೇಡವೇ ಬೇಡ. "ಡೀಸೆಲ್ ತಾನೆ, ಖಾಲಿ ಮಾಡಿದ್ದೀವಿ" ಅನ್ನುತ್ತಾರೆ. ಖಾಲಿ ಟ್ಯಾಂಕಿನೊಳಗಿನ ಆವಿಯೇ ಅಪಾಯ. ಫ್ಲೋರ್ ಅಡಿ ಹಾಯುವ ಬ್ರೇಕ್ ಪೈಪು, ವೈರಿಂಗ್ ಎಲ್ಲಿವೆ ಅಂತ ಮೊದಲೇ ನೋಡಿಕೊಳ್ಳಿ. ಸೀಟಿನ ಬೋಲ್ಟ್ ಪ್ಯಾಚ್ ಮೇಲೆ ಬರುವುದಾದರೆ ಅಡಿಯಲ್ಲಿ ಒಂದು ದಪ್ಪ ಪ್ಲೇಟ್ ಕೊಡಿಸಿ. ಅಂದಹಾಗೆ ರಿಪೇರಿ ಆಗುವವರೆಗೆ ಗ್ಲಾಸ್ ಏರಿಸಿಕೊಂಡು, ಪರದೆ ಕಟ್ಟಿಕೊಂಡು ಗಾಡಿ ಓಡಿಸಬೇಡಿ. ಸೈಲೆನ್ಸರ್ ಎಲ್ಲಾದರೂ ಲೀಕ್ ಇದ್ದರೆ ಹೊಗೆ ಆ ತೂತಿನಿಂದ ನೇರ ಒಳಗೆ ಬರುತ್ತದೆ.

ಚಕ್ರದ ಮೇಲಿನ ಭಾಗಕ್ಕೂ ಇದೇ ಕ್ರಮ, ಆದರೆ ಅಲ್ಲಿ ಪ್ಯಾಚ್ ಅಂಚಿಗೆ ಅಂಚು ಕೂಡಬೇಕು, ಒಂದರ ಮೇಲೊಂದು ಬರಬಾರದು. ಪುಟ್ಟಿ ಕೊನೆಗೆ ಎರಡು ಮಿ.ಮೀ. ಒಳಗೆ, ಮಟ್ಟ ಮಾಡಲಿಕ್ಕೆ ಮಾತ್ರ. ತೂತು ಮುಚ್ಚಲು ಪುಟ್ಟಿ ಹಾಕಿದರೆ ಅದು ನೀರು ಹೀರಿ ಒಳಗಿನಿಂದ ಮತ್ತೆ ಗುಳ್ಳೆ ಏಳುತ್ತದೆ. ಕೆಲಸ ಮುಗಿದ ಮೇಲೆ ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಪ್ಯಾನಲ್ ಮೇಲೆ ಆಡಿಸಿ. ಹಿಡಿಯದ ಕಡೆ ಒಳಗೆ ಪುಟ್ಟಿಯ ಗುಡ್ಡವಿದೆ.

ಬರೀ ರೆಡ್ ಆಕ್ಸೈಡ್ ಹೊಡೆದು ಬಿಡುವುದು ನಮ್ಮ ಕಡೆಯ ಹಳೇ ಅಭ್ಯಾಸ. ಅದು ತೇವ ತಡೆಯುವುದಿಲ್ಲ. ಎರಡು ಡಬ್ಬಿ ಕಲಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ತರಿಸಿ, ಉಜ್ಜಿದ ದಿನವೇ ಹೊಡೆಸಿ. ರಾತ್ರಿ ಬಿಟ್ಟರೆ ನಮ್ಮ ಮಂಜಿಗೆ ಬೆಳಗ್ಗೆ ಹೊಳೆಯುವ ತಗಡಿನ ಮೇಲೆ ಅರಿಶಿನ ಬಳಿದ ಹಾಗೆ ತುಕ್ಕು ಕೂತಿರುತ್ತದೆ. ಜೋಡಣೆಗಳಿಗೆ ಮೇಲೂ ಕೆಳಗೂ ಸೀಲರ್, ಆಮೇಲೆ ಅಂಡರ್ ಕೋಟಿಂಗ್. ಟೋಪಿ ಚಾನಲ್ ಒಳಗೆ ವ್ಯಾಕ್ಸ್ ಸ್ಪ್ರೇ. ತೋಟಗಳಲ್ಲಿ ಗಾಡಿ ಅಡಿಗೆ ಸುಟ್ಟ ಇಂಜಿನ್ ಆಯಿಲ್ ಬಳಿಯುತ್ತಾರೆ. ತುಕ್ಕು ತಡೆಯುವುದು ನಿಜ, ಆದರೆ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮೊದಲ ಮಳೆಗೆ ತೊಳೆದು ತೋಡಿಗೂ ಹೋಗುತ್ತದೆ. ನಾನು ಬಿಟ್ಟಿದ್ದೇನೆ.

ಇದಕ್ಕೆಲ್ಲ ಎರಡು ದಿನ ಸಾಲುವುದಿಲ್ಲ. ನನಗೆ ಮೂರು ವಾರ ಹಿಡಿಯಿತು. ಶೀಟಿಗಿಂತ ಕೂಲಿಗೇ ಜಾಸ್ತಿ ದುಡ್ಡು ಹೋಯಿತು. ರೋಬಸ್ಟಾ ಕಾಫಿ ಕುಯ್ಲು ಮುಗಿದ ಮೇಲೆ, ಮುಂಗಾರಿಗೆ ಮುಂಚೆ ಸಿಗುವ ಒಣ ವಾರಗಳಲ್ಲಿ ಕೊಟ್ಟುಬಿಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಿದರೆ ಮೇಲೆ ಹೇಳಿದ ಅರಿಶಿನ ದಿನವೂ ನೋಡಬೇಕಾಗುತ್ತದೆ.

ತಗಡು ಬದಲಿಸಿದರೆ ಆರ್‌ಟಿಓದಲ್ಲಿ ತೊಂದರೆ ಆಗುತ್ತಾ ಅಂತಲೂ ಕೇಳಿದ್ದೀರಿ. ಕೊಳೆತ ತಗಡು ಬದಲಿಸುವುದು ಬರೀ ರಿಪೇರಿ. ಚಾಸಿಸ್ ನಂಬರ್ ಹೊಡೆದಿರುವ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಲು ಬಿಡಬೇಡಿ, ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸುವಾಗ ಅದನ್ನೇ ಮೊದಲು ನೋಡುತ್ತಾರೆ. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಿಸಬೇಕು, ಅದಕ್ಕೇ ಇದ್ದ ಬಣ್ಣವೇ ಹೊಡೆಸುವುದು ವಾಸಿ.

ಫ್ಲೋರ್ ಆದಮೇಲೆ ಅದರ ಮೇಲೆ ಗೋಣಿಚೀಲ, ದಪ್ಪ ರಬ್ಬರ್ ಮ್ಯಾಟ್ ಅಂಟಿಸಬೇಡಿ. ಎತ್ತಿ ಒಣಗಿಸಲು ಬರುವಂಥದ್ದು ಸಾಕು. ತಗ್ಗಿನ ಮೂಲೆಯಲ್ಲಿ ನೀರು ಇಳಿಯಲು ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ ಇರಲಿ.

ಈ ವಾರ ಗಾಡಿ ತೊಳೆಸಿ, ಅಡಿಯ ನಾಲ್ಕು ಫೋಟೋ ಹಾಕಿ. ಹಿಂದಿನ ಹ್ಯಾಂಗರ್ ಎರಡೂ ಕಡೆಯದ್ದು ಹತ್ತಿರದಿಂದ ಇರಲಿ. ಸ್ಕ್ರೂಡ್ರೈವರ್ ಎಲ್ಲಿ ತೂರಿತು ಅನ್ನುವುದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ ತೆಗೆಯಿರಿ.