ಕಡಲು ಏರಿದ್ದು ಯಾರಿಗೆ ಗೊತ್ತಾಗುತ್ತದೆ?

ಓದುಗರ ಪ್ರಶ್ನೆ, ಮಾಸ್ಟ್ರ ಉತ್ತರ

ಪ್ರಶ್ನೆ: ಮಾಸ್ಟ್ರೇ, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ, ಕಡಲ ಬದಿಗೆ. ಕಡಲಿನ ಮಟ್ಟ ಏರುತ್ತಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಎಂಬತ್ತು ದಾಟಿದ ನನ್ನ ಅಜ್ಜ ಮಾತ್ರ "ಕಡಲು ಇದ್ದಲ್ಲೇ ಉಂಟು, ಹೋದದ್ದು ನಮ್ಮ ಹೊಯಿಗೆ (ಮರಳು)" ಎನ್ನುತ್ತಾರೆ. ಏರಿದ್ದು ನಿಜವಾದರೆ ಇಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಾಗಬೇಕಲ್ಲವೆ? ಯಾರ ಮಾತು ಸರಿ?
– ಉಪ್ಪಳದ ಓದುಗ

ಉತ್ತರ: ಹೊಯಿಗೆಯ ವಿಷಯದಲ್ಲಿ ನಿಮ್ಮ ಅಜ್ಜನ ಮಾತು ಪೂರ್ತಿ ಸರಿ. ಮುಸೋಡಿಯ ಕಡಲ ದಂಡೆಯಲ್ಲಿ ತೆಂಗಿನ ಸಾಲುಗಳು ಒಂದೊಂದಾಗಿ ಬಿದ್ದದ್ದನ್ನು ನಾನೂ ನೋಡಿದ್ದೇನೆ. ಆದರೆ ಕಡಲು ಇದ್ದಲ್ಲೇ ಇದೆ ಎಂಬುದನ್ನು ಮಾತ್ರ ಒಪ್ಪಲಾರೆ. ಅದು ಏರಿದೆ. ಎಷ್ಟು ನಿಧಾನವಾಗಿ ಎಂದರೆ, ದಿನಾ ನೋಡುವ ಕಣ್ಣಿಗೇ ಅದು ಮೊದಲು ತಪ್ಪಿಹೋಗುತ್ತದೆ.

1993ರಿಂದ ಉಪಗ್ರಹಗಳು ಲೋಕದ ಕಡಲುಗಳ ಮೇಲ್ಮೈಯನ್ನು ಅಳೆಯುತ್ತಿವೆ. ಅಲ್ಲಿಂದ 2023ರವರೆಗಿನ ಏರಿಕೆ ಸರಾಸರಿ ಸುಮಾರು 10 ಸೆಂಟಿಮೀಟರ್. ನಮ್ಮ ಅಳತೆಯಲ್ಲಿ ಅರ್ಧ ಗೇಣೂ ಪೂರ್ತಿ ಆಗದು, ಅದೂ ಮೂವತ್ತು ವರ್ಷಕ್ಕೆ. ನಿಮ್ಮ ಮನೆಯೆದುರಿನ ಅದೇ ಕಡಲು ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ದಿನಕ್ಕೆರಡು ಸಲ ಒಂದು ಮೀಟರಿಗೂ ಮೇಲೆ ಏರಿ ಇಳಿಯುತ್ತದೆ. ಅದರ ಮೇಲೆ ಅಲೆ, ಗಾಳಿ. ಇಷ್ಟು ಕುಣಿತದ ನಡುವೆ ಅರ್ಧ ಗೇಣನ್ನು ಯಾವ ಅಜ್ಜ ಹಿಡಿದಾರು?

ನಾನೇ ಹಿಡಿಯಲು ಹೋಗಿ ಸೋತವನು. ನನ್ನ ಮನೆ ಶಿರಿಯ ಹೊಳೆಯ ಬದಿಯಲ್ಲಿ, ಅಳಿವೆಗೆ ಹತ್ತಿರ. ಹಿಂದೆ ದೋಣಿ ದಾಟಿಸುತ್ತಿದ್ದ ಕಡವಿಗೆ ಇಳಿಯಲು ಕೆಂಪುಕಲ್ಲಿನ ಮೆಟ್ಟಿಲುಗಳಿವೆ. 1988ರಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ, ಹುಣ್ಣಿಮೆಯ ಭರತ (ಉಬ್ಬರ) ಮುಟ್ಟಿದ ಜಾಗಕ್ಕೆ ಸರಿಯಾಗಿ ಬದಿಯ ಗೋಡೆಯಲ್ಲಿ ಉಳಿಯಿಂದ ಒಂದು ಗೆರೆ ಕೊರೆಸಿದೆ. ಅದು ಜನವರಿ ತಿಂಗಳು. ಮಾರ್ಚಿನ ಹುಣ್ಣಿಮೆಗೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗೇ ನಿಂತಿತು. "ಮಾಸ್ಟ್ರೇ, ಕಡಲು ಇಳಿಯಿತು!" ಎಂದು ಮಕ್ಕಳು ಕೂಗಿದರು. ಡಿಸೆಂಬರಿಗೆ ಗೆರೆ ಮುಳುಗಿತು. ಆಗ "ಏರಿತು!" ಎಂದರು. ನನಗೆ ಉತ್ತರ ತಿಳಿದಿರಲಿಲ್ಲ. ಆ ದಿನ ಮಕ್ಕಳನ್ನು ಸುಮ್ಮನಿರಿಸಿದ್ದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಪಡುಗಡಲಿಗೆ ವರ್ಷಕ್ಕೊಂದು ಏರಿಳಿತವಿದೆ. ಮಳೆಗಾಲದಲ್ಲಿ ಕರಾವಳಿಯುದ್ದಕ್ಕೂ ಮೇಲ್ನೀರು ದಡ ಬಿಟ್ಟು ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ತಣ್ಣೀರು ದಟ್ಟ, ಹಾಗಾಗಿ ಮಟ್ಟ ತಗ್ಗುತ್ತದೆ. (ಆ ತಣ್ಣೀರಿನೊಂದಿಗೆ ಮೇಲೆ ಬರುವ ಸತ್ವದಿಂದಲೇ ಬೂತಾಯಿ, ಬಂಗುಡೆ ಮೀನುಗಳು ಹೊಟ್ಟೆ ತುಂಬಿಕೊಳ್ಳುವುದು.) ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬೆಚ್ಚಗಿನ, ಉಪ್ಪು ಕಡಮೆಯಿರುವ ನೀರು ಶ್ರೀಲಂಕಾವನ್ನು ಬಳಸಿಕೊಂಡು ನಮ್ಮ ದಡದಗುಂಟ ಬಡಗು ದಿಕ್ಕಿಗೆ ಹರಿಯುತ್ತದೆ, ಮಟ್ಟ ಏರುತ್ತದೆ. ಅಂದರೆ ಮಳೆಗಾಲದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮನ್ನು ಹೆದರಿಸುವ ಕಡಲಿನ ಅಲೆ ದೊಡ್ಡದು, ಮಟ್ಟ ಮಾತ್ರ ತಗ್ಗು. ಜನವರಿಯ ಶಾಂತ ಕಡಲೇ ಎತ್ತರದ್ದು. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಎಪ್ಪತ್ತು ವರ್ಷ ನಾನು ಕಡಲನ್ನು ತಲೆಕೆಳಗಾಗಿ ಓದಿದ್ದೆ.

ಹಾಗಿದ್ದರೆ ಅಳೆಯುವುದು ಹೇಗೆ? ಬಂದರುಗಳಲ್ಲಿ ಭರತಮಾಪಕಗಳಿವೆ. ಹಳೆಯ ರೀತಿಯದ್ದು ನೀರಿನಲ್ಲಿ ನಿಲ್ಲಿಸಿದ ಒಂದು ಕೊಳವೆ. ಬುಡದಲ್ಲಿ ಸಣ್ಣ ತೂತು. ಅಲೆಯ ಹೊಡೆತ ಒಳಗೆ ಬಾರದು, ಮಟ್ಟ ಮಾತ್ರ ಬರುತ್ತದೆ. ಒಳಗಿನ ತೇಲುಬುರುಡೆ ಏರಿ ಇಳಿದದ್ದು ಗಂಟೆ ಗಂಟೆಗೂ ದಾಖಲಾಗುತ್ತದೆ. ಮುಂಬೈಯಲ್ಲಿ 1878ರಿಂದ, ಕೊಚ್ಚಿಯಲ್ಲಿ 1939ರಿಂದ ಇಂಥ ದಾಖಲೆ ಇದೆ. ಅಷ್ಟೂ ವರ್ಷಗಳ ಸರಾಸರಿ ತೆಗೆದರೆ ಭರತ, ಋತು, ಗಾಳಿ ಎಲ್ಲ ಕಳೆದುಹೋಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಏರಿಕೆ ಉಳಿಯುತ್ತದೆ. ಲೋಕದ ಸರಾಸರಿ ನೋಡಿದರೆ 1901ರಿಂದ 1971ರವರೆಗೆ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ವೇಗ 2006ರಿಂದ 2018ರ ಅವಧಿಗೆ 3.7ಕ್ಕೆ ಬಂತು. ನನ್ನನ್ನು ಕಾಡುವುದು ಈ ವೇಗ. ಕಾರಣ ಎರಡು: ನೆಲದ ಮೇಲಿನ ಹಿಮ ಕರಗಿ ಕಡಲು ಸೇರುತ್ತಿದೆ, ಕಡಲ ನೀರೇ ಬಿಸಿಯಾಗಿ ಹಿಗ್ಗುತ್ತಿದೆ.

ಇನ್ನು ನಿಮ್ಮ ಅಜ್ಜನ ಹೊಯಿಗೆ. ಮಳೆಗಾಲದ ಅಲೆ ದಡದ ಹೊಯಿಗೆಯನ್ನು ಎಳೆದೊಯ್ದು ಕಡಲೊಳಗೆ ದಿಬ್ಬ ಮಾಡುತ್ತದೆ, ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ತಿರುಗಿ ತಂದು ಹಾಕುತ್ತವೆ. ನಮ್ಮ ಹಿರಿಯರು ಇದನ್ನು ನಂಬಿಯೇ ಮನೆಯನ್ನು ಹಿಂದಕ್ಕೆ ಕಟ್ಟಿ, ಮುಂದಿನ ಜಾಗವನ್ನು ಅಡುಂಬು ಬಳ್ಳಿಗೆ ಬಿಡುತ್ತಿದ್ದರು. ಈಗ ತಿರುಗಿ ಬರುವುದು ಕಡಮೆ. ಹೊಳೆಗಳ ಹೊಯಿಗೆಯನ್ನು ಅಳಿವೆಗೆ ಮುಟ್ಟುವ ಮೊದಲೇ ನಾವು ಲಾರಿಗೆ ತುಂಬಿದ್ದೇವೆ. ಒಂದು ಕಡೆ ಕಲ್ಲಿನ ತಡೆಗೋಡೆ ಹಾಕಿದರೆ ಅದು ಮುಗಿಯುವಲ್ಲಿ, ಪಕ್ಕದವನ ಜಾಗದಲ್ಲಿ, ಕೊರೆತ ಜೋರಾಗುತ್ತದೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ದಡವನ್ನು ಅಳೆದಾಗ ದೇಶದ ಕರಾವಳಿಯ ಶೇ. 33.6 ಭಾಗ ಕೊರೆಯುತ್ತಿತ್ತು, ಶೇ. 26.9 ಭಾಗ ಬೆಳೆಯುತ್ತಿತ್ತು. ಕಡಲಿನ ಏರಿಕೆಯೊಂದೇ ಕಾರಣವಾಗಿದ್ದರೆ ಇಷ್ಟು ದಡ ಬೆಳೆಯುತ್ತಿರಲಿಲ್ಲ. ಆದ್ದರಿಂದ ಮನೆ ಬಿದ್ದಾಗಲೆಲ್ಲ "ಲೋಕದ ಕಡಲೇ ಏರಿತು, ನಾವೇನು ಮಾಡುವುದು" ಎಂದು ಕೈಚೆಲ್ಲುವವರ ಮಾತು ನನಗೆ ಸಿಟ್ಟು ತರಿಸುತ್ತದೆ. ಆ ಮಾತಿನಡಿ ಹೊಯಿಗೆಯ ಲೆಕ್ಕ ಮುಚ್ಚಿಹೋಗುತ್ತದೆ.

ಏರಿಕೆ ನಿಜವಾಗಿ ಗೊತ್ತಾಗಬೇಕಾದದ್ದು ಅಲೆಯೆದುರಿನ ನಿಮಗಲ್ಲ, ಹೊಳೆಬದಿಯ ನಮಗೆ. ಗಾಳಿಯಿಲ್ಲ, ಮಳೆಯಿಲ್ಲ; ಡಿಸೆಂಬರ್, ಜನವರಿಯ ಹುಣ್ಣಿಮೆಗೆ ತೋಟದ ಚರಂಡಿಯಲ್ಲಿ ನೀರು ಸದ್ದಿಲ್ಲದೆ ಹಿಂದಕ್ಕೆ ಹರಿದು ತೆಂಗಿನ ಬುಡಕ್ಕೆ ಬರುತ್ತದೆ. ಇನ್ನೊಂದು ಜಾಗ ಬಾವಿ. ನನ್ನ ತಾಯಿಯ ಕಾಲದಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುತ್ತಿದ್ದದ್ದು ಪಗ್ಗು ತಿಂಗಳಲ್ಲಿ (ಏಪ್ರಿಲ್–ಮೇ). ಈಗ ಅದರ ಹಿಂದಿನ ಸುಗ್ಗಿ ತಿಂಗಳಿಗೆ ಮೊದಲೇ ಚಹಾದಲ್ಲಿ ಉಪ್ಪು ನಾಲಗೆಗೆ ಹತ್ತುತ್ತದೆ. ಇದನ್ನೂ ಪೂರ್ತಿ ಕಡಲಿನ ತಲೆಗೆ ಕಟ್ಟುವ ಹಾಗಿಲ್ಲ. ಹೊಯಿಗೆ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರು ಕಡಲಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ನಿಂತಿರುತ್ತದೆ. ಪಂಪು ಹಾಕಿ ಆ ಒಂದು ಅಡಿ ಎಳೆದರೂ, ಕಡಲು ಕೆಳಗಿನಿಂದ ಏರಿದರೂ, ನಷ್ಟ ಆಗುವುದು ಈ ಲೆಕ್ಕದಲ್ಲೇ. ಚಂದ್ರಗಿರಿ ಹೊಳೆಯಲ್ಲಿ ಬೇಸಿಗೆಯ ಉಪ್ಪುನೀರು ಬಾವಿಕ್ಕರೆಯವರೆಗೆ ನುಗ್ಗಿ ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಬರುತ್ತಿದ್ದದ್ದು ನೆನಪಿದೆಯಲ್ಲ? ವರ್ಷ ವರ್ಷ ಹೊಯಿಗೆ ಚೀಲ ಪೇರಿಸಿ ಒಡ್ಡು ಕಟ್ಟಿ, ಕೊನೆಗೆ 2021ರಲ್ಲಿ ಶಾಶ್ವತ ಅಣೆಕಟ್ಟು ಆಯಿತು. ಅಲ್ಲಿಯೂ ದೊಡ್ಡ ಕಾರಣ ಹೊಳೆ ಸೊರಗಿದ್ದು. ಆದರೆ ಸೊರಗಿದ ಹೊಳೆಗೆ ಎದುರಾಗಿ ನಿಂತ ಕಡಲು ಪ್ರತಿ ವರ್ಷ ಕೂದಲೆಳೆಯಷ್ಟು ಎತ್ತರವಾಗುತ್ತಿದೆ.

ಪ್ರಶ್ನೆ: 2024ರ ಮಾರ್ಚ್ 31ರಂದು ಮಳೆ ಗಾಳಿ ಏನೂ ಇಲ್ಲದೆ ಕೇರಳದ ಹಲವು ಕಡೆ ಕಡಲು ಮನೆಯೊಳಗೆ ನುಗ್ಗಿತಲ್ಲ, ಅದು ಮಟ್ಟ ಏರಿದ್ದರಿಂದಲೇ?
– ಮಂಜೇಶ್ವರದ ಓದುಗರು

ಉತ್ತರ: ಅಲ್ಲ. ಅದು ಕಳ್ಳಕ್ಕಡಲ್. ಕಳ್ಳನ ಹಾಗೆ ಹೇಳದೆ ಬರುವ ಕಡಲು ಎಂದು ಕೇರಳದ ಮೀನುಗಾರರು ಇಟ್ಟ ಹೆಸರು. 2012ರಲ್ಲಿ ಯುನೆಸ್ಕೋ ಅದನ್ನೇ ಶಾಸ್ತ್ರದ ಪದವಾಗಿ ಒಪ್ಪಿತು. ಭೂಮಿಯ ತೀರಾ ತೆಂಕಿನ ಕಡಲಿನಲ್ಲಿ ಬಿರುಗಾಳಿ ಎಬ್ಬಿಸಿದ ಉದ್ದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಕೆಲವು ದಿನ ಕಳೆದು ನಮ್ಮ ದಡ ಮುಟ್ಟುತ್ತವೆ. ಅಲ್ಲಿನ ಗಾಳಿ ಇಲ್ಲಿಯವರಿಗೆ ಕಾಣದು, ಅದಕ್ಕೇ ಬೆಚ್ಚಿಬೀಳುವುದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಮೊದಲೇ ಎಚ್ಚರಿಕೆ ಕೊಡುತ್ತದೆ. ಬೇಸಿಗೆಯಲ್ಲಿ ದೋಣಿ ದಡದಲ್ಲಿಡುವವರು ಅದನ್ನು ಕೇಳಲೇಬೇಕು. ಮಟ್ಟ ಏರಿದಷ್ಟೂ ಈ ಕಳ್ಳನಿಗೆ ಮೆಟ್ಟಿಲು ಹತ್ತಲು ಸುಲಭ, ಸಂಬಂಧ ಅಷ್ಟೇ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಕಡಲಿನ ಮಟ್ಟ ಅಳೆಯಬಹುದೆ?
– ಕುಂಬಳೆಯ ಅಧ್ಯಾಪಿಕೆ

ಉತ್ತರ: ಖಂಡಿತ ಅಳೆಯಿರಿ ಟೀಚರೇ, ನಾನು ಮಾಡಿದ ಹಾಗೆ ಒಂದೇ ಗೆರೆಗೆ ನಿಲ್ಲಿಸಬೇಡಿ. ಕಡಲ ದಂಡೆ ಬೇಡ, ಅಲ್ಲಿ ಅಲೆಯೂ ಹೊಯಿಗೆಯೂ ದಿನಾ ಬದಲು. ಹೊಳೆಯ ಗಟ್ಟಿ ಸೇತುವೆಯ ಕಂಬ ಒಳ್ಳೆಯದು. ಮಳೆಗಾಲದ ನೆರೆ ತಿಂಗಳು ಬಿಟ್ಟು, ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ಭರತದ ಎತ್ತರ, ಗಂಟೆ, ಗಾಳಿ ಬರೆಯಿಸಿ. ಚಂದ್ರನ ದಾರಿಯ ಓಲಾಟದಿಂದ ಭರತದ ಎತ್ತರ 18.6 ವರ್ಷಕ್ಕೊಮ್ಮೆ ಒಂದು ಸುತ್ತು ಬದಲಾಗುತ್ತದೆ. ಅಷ್ಟು ವರ್ಷದ ಲೆಕ್ಕ ಬೇಕು. ಅದಕ್ಕೆ ಪುಸ್ತಕ ಮಕ್ಕಳ ಕೈಯಲ್ಲಿರುವುದು ಬೇಡ, ಶಾಲೆಯ ಕಪಾಟಿನಲ್ಲಿರಲಿ. ಇಂದು ಬರೆದ ಹುಡುಗಿಯ ಮಗಳು ಅದನ್ನು ಮುಗಿಸಬಹುದು. ಬಾವಿಯ ನೀರು ಉಪ್ಪಾದ ಮೊದಲ ದಿನವನ್ನೂ ಅದರಲ್ಲೇ ಬರೆಯಿಸಿ, ಅದಕ್ಕೆ ಯಂತ್ರ ಬೇಡ.

ನನ್ನ ಗೆರೆ ಪಾಚಿಯಡಿ ಈಗಲೂ ಇದೆ. ಮಕ್ಕಳನ್ನು ಕರೆದುಕೊಂಡು ಶಿರಿಯಕ್ಕೆ ಬನ್ನಿ, ತೋರಿಸುತ್ತೇನೆ. ಇಳಿತದ ಹೊತ್ತು ನೋಡಿಕೊಂಡು ಬನ್ನಿ. ಭರತದಲ್ಲಿ ಕೆಳಗಿನ ಮೆಟ್ಟಿಲು ಜಾರುತ್ತದೆ.