ಹಳೆ ಫೋಟೋಶಾಪ್, ಹೊಸ ಕಂಪ್ಯೂಟರ್

ಪ್ರಶ್ನೆ: ಸರ್, ಕಡೂರಿನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಇಪ್ಪತ್ತು ವರ್ಷದಿಂದ ಫೋಟೋಶಾಪ್ 7ರಲ್ಲೇ ಮದುವೆ ಆಲ್ಬಂ ಮಾಡುತ್ತಿದ್ದೇನೆ. ಒರಿಜಿನಲ್ ಸಿಡಿ, ಸೀರಿಯಲ್ ನಂಬರ್ ಎರಡೂ ಇವೆ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ಲ ಅಂತ ಮಗ ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದ. ಅದಕ್ಕೆ 4ಕೆ ಮಾನಿಟರ್. ಫೋಟೋಶಾಪ್ ಇನ್‌ಸ್ಟಾಲ್ ಆಯಿತು, ಆದರೆ ಟೂಲ್‌ಗಳು ಸಾಸಿವೆ ಕಾಳಿನಷ್ಟು ಕಾಣುತ್ತವೆ. ಫೋಲ್ಡರ್‌ನಿಂದ ಫೋಟೋ ಎಳೆದು ತಂದರೆ ಬೀಳುವುದಿಲ್ಲ. ಹಳೆ ಆಲ್ಬಂನ ಕನ್ನಡ ಹೆಸರುಗಳು ಮುಟ್ಟಿದ ಕೂಡಲೇ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಹೊಸ ಫೋಟೋಶಾಪ್ ಕಲಿಯಲೇಬೇಕಾ?

ಉತ್ತರ: ಈಗಲೇ ಕಲಿಯಬೇಕಿಲ್ಲ. ನಾನೂ ಸ್ಟುಡಿಯೋದಲ್ಲಿ ಕೂತು ಆಲ್ಬಂ ಮಾಡಿದವನು. ಕೈಗೆ ಕೂತ ಸಾಫ್ಟ್‌ವೇರ್ ಬಿಡುವ ಕಷ್ಟ ನನಗೆ ಗೊತ್ತು. ಫೋಟೋಶಾಪ್ 7 ಬಂದದ್ದು 2002ರಲ್ಲಿ. ಮರುವರ್ಷ ಬಂದ ಮುಂದಿನ ಆವೃತ್ತಿ ಸಿಎಸ್‌ನಿಂದ ಆಕ್ಟಿವೇಶನ್, ಅಂದರೆ ಕಂಪನಿಯಿಂದ ಒಪ್ಪಿಗೆ ಪಡೆಯುವುದು, ಶುರುವಾಯಿತು. ನಿಮ್ಮದಕ್ಕೆ ಅದು ಬೇಡ, ಸಿಡಿ ಮತ್ತು ನಂಬರ್ ಇದ್ದರೆ ಸಾಕು.

ಮೊದಲು ಫೋಟೋ ಎಳೆಯುವ ವಿಷಯ. ನೀವು ಅದನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆಯುತ್ತಿದ್ದೀರಿ ಅನಿಸುತ್ತದೆ. ಹಾಗೆ ತೆರೆದ ಪ್ರೋಗ್ರಾಂ ಒಳಗೆ ಸಾಮಾನ್ಯ ಫೋಲ್ಡರ್‌ನಿಂದ ಏನನ್ನೂ ಎಳೆದು ಹಾಕಲು ವಿಂಡೋಸ್ ಬಿಡುವುದಿಲ್ಲ. ಆದರೆ ಹಾಗೆ ತೆರೆಯದಿದ್ದರೆ ಇನ್ನೊಂದು ತೊಂದರೆ. ಫೋಟೋಶಾಪ್ ತಾನಾಗಿ ಹೋಗಿ ಕೂರುವ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಬರೆಯಲು ಈಗಿನ ವಿಂಡೋಸ್ ಸುಲಭಕ್ಕೆ ಅನುಮತಿ ಕೊಡಲ್ಲ. ಅದಕ್ಕೇ ಫೋಟೋಶಾಪ್ ತೆಗೆದು, ಸಿ ಡ್ರೈವ್‌ನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ, ಇನ್‌ಸ್ಟಾಲ್ ಮಾಡುವಾಗ ಅದನ್ನೇ ತೋರಿಸಿ. ಆಮೇಲೆ ಅಡ್ಮಿನಿಸ್ಟ್ರೇಟರ್ ಹಂಗೇ ಬೇಡ, ಫೋಟೋ ಮೊದಲಿನಂತೆ ಬೀಳುತ್ತದೆ.

ಟೂಲ್ ಚಿಕ್ಕದಾಗಿರುವುದಕ್ಕೆ ಕಾರಣ ನಿಮ್ಮ ಮಾನಿಟರ್. ಫೋಟೋಶಾಪ್ 7ಕ್ಕೆ ಅಷ್ಟು ಪಿಕ್ಸೆಲ್ ಇರುವ ಪರದೆಯೇ ಗೊತ್ತಿಲ್ಲ. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್'ಗೆ ಹೋಗಿ. ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ 'ಸಿಸ್ಟಮ್' ಆರಿಸಿ. ಟೂಲ್ ದೊಡ್ಡದಾಗುತ್ತದೆ. ಆದರೆ ಫೋಟೋವೂ ಹಿಗ್ಗಿ ಸ್ವಲ್ಪ ಮಂಜಾಗುತ್ತದೆ, ಶಾರ್ಪ್ ಇದೆಯಾ ಎಂದು ನೋಡಲು ಆಗಲ್ಲ. ನಾನಾದರೆ ಆಲ್ಬಂ ಕೆಲಸಕ್ಕೆ ಕೂತಾಗ ಮಾನಿಟರನ್ನೇ 1920 ಬೈ 1080ಕ್ಕೆ ಇಳಿಸಿ, ಸ್ಕೇಲ್ ಶೇ. 100 ಇಡುತ್ತೇನೆ. 4ಕೆ ಪರದೆಯ ಅಗಲ, ಎತ್ತರ ಎರಡಕ್ಕೂ ಅದು ಸರಿಯಾಗಿ ಅರ್ಧ.

ಇನ್ನು ಕನ್ನಡ ಹೆಸರುಗಳು. ಇದರ ಬಗ್ಗೆ ನಿಧಾನವಾಗಿ ಓದಿ. ನೀವು ಬಳಸಿದ್ದು ಹಳೆ ಆಸ್ಕಿ ಫಾಂಟ್. ಅದರಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂತಿರುತ್ತದೆ. ಫಾಂಟ್ ಇಲ್ಲದಿದ್ದರೆ ವಧುವಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಬರುತ್ತದೆ. ಹೆಸರು ಮಾತ್ರ ಒಳಗೆ ಹಾಗೇ ಇದೆ, ಹೆದರಬೇಡಿ. ಹಳೆ ಕಂಪ್ಯೂಟರ್‌ನ ಫಾಂಟ್ಸ್ ಫೋಲ್ಡರ್‌ನಿಂದ ಆ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ತನ್ನಿ. ಹೊಸದರಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿ ಹಾಕಬೇಡಿ. ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ. ಒಬ್ಬರ ಹೆಸರಿಗಷ್ಟೇ ಹಾಕಿದ ಫಾಂಟ್ ಹಳೆ ಪ್ರೋಗ್ರಾಂಗಳ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿವರೆಗೆ ಯಾವ ಪಿಎಸ್‌ಡಿ (ಫೋಟೋಶಾಪ್ ಫೈಲ್) ತೆರೆದರೂ, ಟೆಕ್ಸ್ಟ್ ಅಪ್‌ಡೇಟ್ ಮಾಡಲಾ ಎಂದು ಕೇಳಿದರೆ ಬೇಡ ಅನ್ನಿ. ಅಪ್ಪಿತಪ್ಪಿಯೂ ಸೇವ್ ಮಾಡಬೇಡಿ.

ಹಳೆ ಕಂಪ್ಯೂಟರ್ ಇನ್ನೂ ಆನ್ ಆಗುತ್ತದೆ ತಾನೆ? ಹಾಗಿದ್ದರೆ ಗುಜರಿಗೆ ಕೊಡುವ ಮುನ್ನ ಆಕ್ಷನ್‌ಗಳನ್ನು, ಅಂದರೆ ಒಂದೇ ಒತ್ತಿಗೆ ನಡೆಯುವಂತೆ ರೆಕಾರ್ಡ್ ಮಾಡಿಟ್ಟ ಕೆಲಸದ ಹಂತಗಳನ್ನು, ಉಳಿಸಿಕೊಳ್ಳಿ. 2009ರಲ್ಲಿ ನಾನಿದ್ದ ಸ್ಟುಡಿಯೋದಲ್ಲಿ ಫಾರ್ಮ್ಯಾಟ್ ಮಾಡುವಾಗ ಫೋಟೋಗಳನ್ನೆಲ್ಲ ಡಿವಿಡಿಗೆ ಬರೆದೆವು, ಆಕ್ಷನ್ ಯಾರಿಗೂ ನೆನಪಾಗಲಿಲ್ಲ. ಹಿರಿಯರೊಬ್ಬರು ಆರು ವರ್ಷ ಕೂತು ಮಾಡಿದ ಬಣ್ಣ ತಿದ್ದುವ ಆಕ್ಷನ್‌ಗಳು ಹೋದವು. ಅವರು ಆ ದಿನ ಮಧ್ಯಾಹ್ನ ಊಟಕ್ಕೇ ಏಳಲಿಲ್ಲ. ಆಕ್ಷನ್ಸ್ ಪ್ಯಾಲೆಟ್‌ನ ಮೂಲೆಯ ಬಾಣ ಒತ್ತಿದರೆ 'ಸೇವ್ ಆಕ್ಷನ್ಸ್' ಇದೆ. ಅದು ಮಂಕಾಗಿದ್ದರೆ ನೀವು ಒಂದು ಆಕ್ಷನ್ ಆರಿಸಿದ್ದೀರಿ ಎಂದರ್ಥ. ಅದರ ಮೇಲಿರುವ ಸೆಟ್ ಆರಿಸಿ, ಆಗ ಒತ್ತಲು ಬರುತ್ತದೆ.

ಒಂದು ಮಿತಿ ಮಾತ್ರ ಹೇಳಲೇಬೇಕು. ಹೊಸ ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಈ 32 ಬಿಟ್ ಪ್ರೋಗ್ರಾಂ 2 ಜಿಬಿ ದಾಟುವುದಿಲ್ಲ. ನಿಮ್ಮ 12 ಬೈ 36 ಇಂಚಿನ ಶೀಟ್ ತೆಗೆದುಕೊಳ್ಳಿ. 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ 3600 ಬೈ 10800 ಪಿಕ್ಸೆಲ್. ಶೀಟ್ ತುಂಬ ಹರಡಿದ ಒಂದು ಲೇಯರ್‌ಗೇ (ಪದರಕ್ಕೇ) ಸುಮಾರು 117 ಎಂಬಿ. ಅಂಥ ಲೇಯರ್ ಹದಿನೈದಾದರೆ ಕೆಲಸ ಡಿಸ್ಕ್ ಮೇಲೆ ನಡೆಯುತ್ತದೆ, ನಿಧಾನವಾಗುತ್ತದೆ. ಕೆಲಸ ಮುಗಿದ ಲೇಯರ್‌ಗಳನ್ನು ಮರ್ಜ್ ಮಾಡುತ್ತಾ ಹೋಗಿ. ಐಫೋನಿನ ಎಚ್‌ಇಐಸಿ ಫೋಟೋ, ಹೊಸ ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಫೈಲ್ ಇದರಲ್ಲಿ ತೆರೆಯುವುದಿಲ್ಲ. ಬೇರೆ ಕಡೆ ಜೆಪೆಗ್ ಅಥವಾ ಟಿಫ್ ಮಾಡಿಕೊಂಡು ತನ್ನಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಗೂಗಲ್‌ನ ಫೋಟೋ ತಿದ್ದುವ ಸಾಫ್ಟ್‌ವೇರ್ ಪಿಕಾಸಾದಲ್ಲಿ ತಿದ್ದಿದ ಮೊಮ್ಮಕ್ಕಳ ಫೋಟೋಗಳನ್ನು ಹೊಸ ಲ್ಯಾಪ್‌ಟಾಪ್‌ಗೆ ಹಾಕಿದೆ. ತಿದ್ದಿದ್ದೆಲ್ಲ ಮಾಯ! ಏನು ಮಾಡಲಿ?

ಉತ್ತರ: ಮಾಯವಾಗಿಲ್ಲ ಅಮ್ಮ. ನೀವು ಸೇವ್ ಒತ್ತುವ ತನಕ ಪಿಕಾಸಾ ಫೋಟೋವನ್ನು ಮುಟ್ಟುವುದೇ ಇಲ್ಲ. ಎಷ್ಟು ಕತ್ತರಿಸಿದಿರಿ, ಎಷ್ಟು ಬೆಳಕು ಕೊಟ್ಟಿರಿ ಎಂಬುದನ್ನು ಅದೇ ಫೋಲ್ಡರ್‌ನ ಅಡಗಿದ ಫೈಲೊಂದರಲ್ಲಿ ಬರೆದಿಡುತ್ತದೆ. ನೀವು ಫೋಟೋಗಳನ್ನಷ್ಟೇ ಕಾಪಿ ಮಾಡಿರಬೇಕು, ಆ ಫೈಲ್ ಹಿಂದೆ ಉಳಿದಿದೆ. ಗೂಗಲ್ 2016ರಲ್ಲೇ ಪಿಕಾಸಾ ನಿಲ್ಲಿಸಿದೆ, ಇನ್ನು ಅದನ್ನೇ ನಂಬಿಕೊಂಡಿರುವುದು ಬೇಡ. ಹಳೆ ಕಂಪ್ಯೂಟರ್‌ನಲ್ಲಿ ಪಿಕಾಸಾ ತೆರೆದು, ಬೇಕಾದ ಫೋಟೋಗಳನ್ನೆಲ್ಲ ಆರಿಸಿ 'ಎಕ್ಸ್‌ಪೋರ್ಟ್' ಕೊಡಿ. ತಿದ್ದಿದ ರೂಪದಲ್ಲೇ ಬೇರೆ ಫೋಲ್ಡರ್‌ಗೆ ಬರುತ್ತವೆ. ಗಾತ್ರ ಕೇಳಿದಾಗ 'ಒರಿಜಿನಲ್ ಸೈಜ್' ಇರಲಿ, ಇಲ್ಲದಿದ್ದರೆ ಪ್ರಿಂಟ್ ಹಾಕಿಸಿದಾಗ ಮಕ್ಕಳ ಮುಖ ಒಡೆಯುತ್ತದೆ.