ಕೆಳಗಿನ ಸಾಲು

ಕೊಪ್ಪದ ಓದುಗರೊಬ್ಬರ ಪತ್ರ: “ಅಪ್ಪ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಇದೆ. ಪೋಸ್ಟ್‌ಮಾರ್ಟಮ್ ಮಾಡಿಸದೆ ತಪ್ಪು ಮಾಡಿದೆವೇ? ಎಲ್ಲರಿಗೂ ಮಾಡಿದರೆ ತಾನೇ ಈ ಸಾವು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುವುದು?”

ಸಂಪಾದಕರ ಉತ್ತರ: ಆ ಕೊರಗು ಬಿಡಿ. ನಮ್ಮಲ್ಲಿ ಪೋಸ್ಟ್‌ಮಾರ್ಟಮ್ ಎಂದರೆ ಪೊಲೀಸ್ ಕೇಸು. ಅಪಘಾತ, ವಿಷ, ನೇಣು. ರೋಗ ತಿಳಿಯಲೆಂದೇ ದೇಹ ತೆರೆದು ನೋಡುವುದು ತೀರಾ ಅಪರೂಪ. ಅಮೆರಿಕದಲ್ಲಿ ಕಳೆದ ಶತಮಾನದ ನಡುವೆ ಆಸ್ಪತ್ರೆಯಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಶವಪರೀಕ್ಷೆ ಆಗುತ್ತಿತ್ತು. ಈಗ ಅಲ್ಲೂ ಅದು ನೂರಕ್ಕೆ 10ನ್ನು ಮುಟ್ಟುವುದಿಲ್ಲ. ಮೇಲಾಗಿ ಬಾಯಿಯ ಹುಣ್ಣು ಕಣ್ಣಿಗೆ ಕಾಣುವಂಥದ್ದು. ಬದುಕಿದ್ದಾಗಲೇ ಚೂರು ತೆಗೆದು ಬಯಾಪ್ಸಿ ಮಾಡಿರುತ್ತಾರೆ.

ಎಡವಟ್ಟಾಗುವುದು ಕಾಗದದಲ್ಲಿ. ಸಾವಿನ ಕಾರಣ ಬರೆಯುವ ನಮೂನೆ 4ರಲ್ಲಿ ಮೇಲಿನ ಸಾಲು ಕೊನೆಗಳಿಗೆಯಲ್ಲಿ ಆದದ್ದಕ್ಕೆ, ಅದರ ಕೆಳಗಿನದು ಅದಕ್ಕೆ ಕಾರಣವಾದದ್ದಕ್ಕೆ, ತೀರಾ ಕೆಳಗಿನದು ಎಲ್ಲಕ್ಕೂ ಮೂಲವಾದ ಕಾಯಿಲೆಗೆ. ಲೆಕ್ಕಕ್ಕೆ ಹೋಗುವುದು ಆ ಮೂಲ. ‘ನ್ಯುಮೋನಿಯಾ; ನುಂಗಲಾಗದೆ ನಿಶ್ಶಕ್ತಿ; ಕೆನ್ನೆಯ ಕ್ಯಾನ್ಸರ್’ ಎಂದಿದ್ದರೆ ನಿಮ್ಮ ತಂದೆ ಕ್ಯಾನ್ಸರಿನ ಲೆಕ್ಕದಲ್ಲಿ ಸೇರುತ್ತಿದ್ದರು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ, ಹೇಳಿ!

ಇಷ್ಟು ಹೇಳುವ ನಾನೇನು ಸಾಚಾ ಅಲ್ಲ. ಶೃಂಗೇರಿ ಕಡೆಯ ನಮ್ಮ ದೊಡ್ಡಪ್ಪನಿಗೆ ಊಟ ತಪ್ಪಿದರೂ ಎಲೆಯಡಿಕೆ ತಪ್ಪಬಾರದು. ಕೊನೆಯ ವರ್ಷ ಬಾಯಿ ಒಂದು ಬೆರಳಿನಗಲ ಮಾತ್ರ ತೆರೆಯುತ್ತಿತ್ತು. ದೊಡ್ಡಮ್ಮ ಗಂಜಿ ಸೋಸಿ, ಚಮಚದ ತುದಿಯಿಂದ ಹಲ್ಲಿನ ಸಂದಿಗೆ ಬಿಡುತ್ತಿದ್ದರು. ಮನೆಯಲ್ಲೇ ಹೋದರು. ಸಾವು ನೋಂದಾಯಿಸಲು ಹೋದವನು ನಾನು. ಕಾರಣ ಕೇಳಿದಾಗ ‘ವಯಸ್ಸಾಗಿತ್ತು’ ಎಂದು ಬರೆಸಿ ಬಂದೆ. (ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ತೋಟದವರು ಬೈದರೂ ಬರೆಯಲೇಬೇಕು.)

2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢಪಡಿಸಿದ್ದು ಶೇ 22.5ಕ್ಕೆ ಮಾತ್ರ. ಹೀಗಿರುವಾಗ ಏರಿಳಿತ ಹೇಳುವುದು ಹೇಗೆ? ಗ್ಲೋಬೋಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕದಲ್ಲಿ ಭಾರತದ ತುಟಿ–ಬಾಯಿ ಕ್ಯಾನ್ಸರ್ ಸಾವು 2020ರಲ್ಲಿ ಸುಮಾರು 75 ಸಾವಿರ, 2022ರಲ್ಲಿ ಸುಮಾರು 80 ಸಾವಿರ. ‘ಭಾರೀ ಏರಿಕೆ’ ಎಂಬ ಶೀರ್ಷಿಕೆ ನಮ್ಮ ಚಿಕ್ಕಮಗಳೂರು ಕಚೇರಿಯಲ್ಲೂ ಸಿದ್ಧವಾಗಿತ್ತು, ನಾನೇ ಹೊಡೆದುಹಾಕಿದೆ. ಅವೆರಡೂ ಕೆಲವೆಡೆಯ ಕ್ಯಾನ್ಸರ್ ನೋಂದಣಿಗಳಿಂದ ಇಡೀ ದೇಶಕ್ಕೆ ಹಿಗ್ಗಿಸಿದ ಅಂದಾಜುಗಳು. ಪಕ್ಕಪಕ್ಕ ಇಟ್ಟು ಕಳೆಯುವಂಥವಲ್ಲ.

ಜನನ–ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯಂತೆ ಸಾವಿನ ಕಾರಣ ಪತ್ರದ ಪ್ರತಿಯನ್ನು ಆಸ್ಪತ್ರೆ ಹತ್ತಿರದ ಸಂಬಂಧಿಗೂ ಕೊಡಬೇಕು. ಅದನ್ನೂ ಬಯಾಪ್ಸಿ ವರದಿಯನ್ನೂ ಹಿಡಿದು, ಸಹಿ ಹಾಕಿದ ವೈದ್ಯರನ್ನೇ ಕಾಣಿ. ಕೆಳಗಿನ ಸಾಲು ಯಾಕೆ ಖಾಲಿ ಎಂದು ಕೇಳಿ. ಏನಂದರೆಂದು ನಮಗೂ ಬರೆಯಿರಿ.